ಮೊದಲ ಬಾಡಿಗೆ ಮನಿ, ಕೈಯಾಗ 30 ಸಾವಿರ: ಯಾವುದು ಮೊದಲ, ಯಾವುದು ಆಮ್ಯಾಲೆ?

ಎರಡನೇ_ಮಹಡಿ

ಧಾರವಾಡ, ಸಪ್ತಾಪುರದ ಹತ್ತಿರ ಒನ್ ಬಿಎಚ್‌ಕೆ, ಎರಡನೇ ಮಹಡಿ. ಹಾಲ್ 12×10 ಅಡಿ, ಮಲಗುವ ಕೋಣೆ 10×10, ಅಡುಗೆಮನೆ 8×7. ಗೋಡೆ ಕಪಾಟು ಒಂದೂ ಇಲ್ಲ. ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಮೇಲೆ ಎರಡು ಕಲ್ಲಿನ ಹಲಗೆ ಅಷ್ಟೇ. ಮಲಗುವ ಕೋಣೆಯ ಕಿಟಕಿ ಪಡುವಣಕ್ಕಿದೆ, 5 ಅಡಿ ಅಗಲ, 4 ಅಡಿ ಎತ್ತರ. ಇರುವವರು ಇಬ್ಬರು. ಗ್ಯಾಸ್ ಸಂಪರ್ಕದ ಖರ್ಚು ಬಿಟ್ಟು ಉಳಿದ ಎಲ್ಲಕ್ಕೂ 30,000 ರೂಪಾಯಿ. ಮನೆ ಚೆಂದ ಕಾಣಬೇಕು, ಆದರೆ ವರ್ಷದೊಳಗೆ ಹಾಳಾಗುವ ಸಾಮಾನು ಬೇಡ. ಯಾವ ಕ್ರಮದಲ್ಲಿ ತರಬೇಕು? ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬೇಕು?

ಬಡಗಿ_ಅಂಗಳ

ಅಂಗಡಿಗೆ ಹೋಗೋಕಿಂತ ಮೊದಲ ಮೂರು ಮಾತು ಮನಿ ಮಾಲಕರನ್ನ ಕೇಳ್ರಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ, ಮಳಿಗಾಲದಾಗ ಯಾವ ಗೋಡೆ ತೇವ ಹಿಡೀತದ, ಗೋಡಿಗೆ ತೂತು ಹಾಕಲಿಕ್ಕೆ ಒಪ್ಪಿಗಿ ಅದನೋ ಇಲ್ಲೋ. ನಮ್ಮ ಕಡೆ ಮನಿ ಸಾಮಾನು ಕೆಡೋದು ಹೆಚ್ಚಾಗಿ ನೀರು, ತೇವ, ಧೂಳಿನಿಂದ. ಈ ಮೂರಕ್ಕೂ ಉತ್ತರ ಸಿಕ್ಕರ ಅರ್ಧ ಯಾದಿ ತಾನೇ ತಯಾರಾಗ್ತದ.

30,000ದ ಹಂಚಿಕಿ ನಾ ಹೇಳೋದು ಹಿಂಗ. ಮಲಗೋದಕ್ಕ 9,000. ಅಡಿಗಿಮನಿಗೆ 8,000. ಬಟ್ಟಿ ಇಡೋ ತಿಜೋರಿಗೆ 5,000, ಅದೂ ಹಳೇದು. ದೀಪ, ವೈರು, ಫ್ಯಾನಿಗೆ 3,000. ನೀರು, ಬಚ್ಚಲಕ್ಕ 2,500. ಪರದೆ, ದಿಂಬಿಗೆ 1,500. ಉಳಿದ 1,000 ಕೈಯಾಗ ಇಟ್ಟುಕೋರಿ. ಮೊಳೆ, ಹಗ್ಗ, ವಾಷರು, ಕೂಲಿ ಅಂತ ಅದು ಮೊದಲ ವಾರದಾಗ ಖರ್ಚಾಗಿ ಹೋಗ್ತದ.

ಸೋಫಾ ಈ ಯಾದಿಯೊಳಗ ಇಲ್ಲ, ಬೇಕಂತಲೇ ಬಿಟ್ಟೀನಿ. ಕಡಿಮಿ ರೊಕ್ಕದ ಸೋಫಾದ ಒಳಗ ಸಿಗೋದು ಪ್ಯಾಕಿಂಗ್ ಪಟ್ಟಿಯ ಚೌಕಟ್ಟು, ಹಗುರ ಫೋಮು. ವರ್ಷದೊಳಗ ನಡುಭಾಗ ಕುಸೀತದ. 12×10ರ ಹಾಲಿನಾಗ ಅದು ಓಡಾಡೋ ಜಾಗಾನೂ ತಿಂತದ.

ನಳದ_ಸರದಿ

ನೀರಿನ ಮಾತು ಬಂತಲ್ಲ, ಅಲ್ಲಿಂದ ಸುರು ಮಾಡ್ರಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಾಗ ಕೆಲವು ವಾರ್ಡಿಗೆ 24 ತಾಸು ನೀರು ಐತಿ, ಭಾಳ ಕಡೆ ನಾಕೈದು ದಿನಕ್ಕೊಮ್ಮೆ ಬರ್ತೈತಿ, ಬ್ಯಾಸಗಿಯೊಳಗ ಇನ್ನೂ ತಡ. ಕೈಬಿಗಿ ಹಿಡಿದು ಬಳಸಿದ್ರೂ ಒಬ್ಬರಿಗೆ ದಿನಕ್ಕ 80 ಲೀಟರ್ ಹಿಡೀರಿ. ಇಬ್ಬರು, ಐದು ದಿನ ಅಂದ್ರ 800 ಲೀಟರ್. ಮ್ಯಾಲಿನ ಟಾಕಿಯೊಳಗ ನಿಮ್ಮ ಪಾಲು ಎಷ್ಟು ಅಂತ ಕೇಳಿ, ಕಡಿಮಿ ಬಿದ್ದಷ್ಟಕ್ಕ ಮಾತ್ರ ಡ್ರಮ್ಮು ತಗೋರಿ.

200 ಲೀಟರಿನ ಒಂದು ಡ್ರಮ್ಮಿಗಿಂತ 100 ಲೀಟರಿನವು ಎರಡು ಚಲೋ. 200 ಲೀಟರ್ ತುಂಬಿದ ಡ್ರಮ್ಮು 200 ಕಿಲೋ ಭಾರ, ಅದನ್ನ ಸರಿಸಿ ತೊಳ್ಯಾಕ ಆಗೂದಿಲ್ಲ. ತಳದಿಂದ 3 ಇಂಚು ಮ್ಯಾಲೆ ಅರ್ಧ ಇಂಚಿನ ನಳ ಕೂಡ್ರಸ್ರಿ, ಒಳಗೂ ಹೊರಗೂ ರಬ್ಬರ್ ವಾಷರು ಹಾಕಿ. ಬರೇ ಹೊರಗ ಹಾಕಿದ್ರ ತಿಂಗಳೊಳಗ ಜಿನುಗ್ತೈತಿ. ಡ್ರಮ್ಮನ್ನ ಇಟ್ಟಂಗಿ ಮ್ಯಾಲೆ ಒಂದಡಿ ಎತ್ತರಿಸಿದ್ರ ನಳದ ಕೆಳಗ ಬಕೀಟು ಹಿಡೀತೈತಿ. ಆದ್ರ ನಾಕು ಮೂಲಿಗೆ ನಾಕು ಇಟ್ಟಂಗಿ ಇಟ್ಟು ಬಿಡಬ್ಯಾಡ್ರಿ, ತಳ ಪೂರಾ ಕೂಡುವಂಗ ಇಟ್ಟಂಗಿ ಹಾಸ್ರಿ. ಇಲ್ಲಾಂದ್ರ ಪ್ಲಾಸ್ಟಿಕ್ ತಳ ಜೋತು ಬಿದ್ದು ಸೀಳ್ತೈತಿ.

ಮುಚ್ಚಳ ಬಿಗಿ ಇರಬೇಕು. ಡೆಂಗಿ ತರೋ ಸೊಳ್ಳಿ ಇಂಥ ತಿಳಿನೀರಿನಾಗ ತತ್ತಿ ಇಡ್ತೈತಿ, ತತ್ತಿ ಡ್ರಮ್ಮಿನ ಒಳಗೋಡಿಗೆ ಅಂಟಿರ್ತೈತಿ. ನೀರು ಚೆಲ್ಲಿದ್ರಷ್ಟೇ ಸಾಲೂದಿಲ್ಲ, ವಾರಕ್ಕೊಮ್ಮೆ ಒಳಗ ಬ್ರಶ್ಶಿಲೆ ತಿಕ್ಕಬೇಕು.

ಹತ್ತಿಗಾದಿ

ಮಲಗುವ ಸಾಮಾನಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಜನ ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ.

ಇಬ್ಬರಿಗೆ 6×6ರ ಒಂದು ಮಂಚದ ಬದಲು 6×3ರ ಎರಡು ಕಬ್ಬಿಣದ ಮಂಚ ತನ್ನಿ. ಮೆಟ್ಟಿಲಲ್ಲಿ ಸಲೀಸಾಗಿ ಏರುತ್ತವೆ. ಮುಂದೆ ಮನೆ ಬದಲಿಸಿದಾಗ ಒಂದನ್ನು ಹಾಲಿನಲ್ಲಿ ದಿವಾನ ಮಾಡಬಹುದು. ಪಕ್ಕಪಕ್ಕ ಇಟ್ಟು ಮಧ್ಯದ ಕಾಲುಗಳನ್ನು ಪೈಪ್ ಕ್ಲ್ಯಾಂಪಿನಿಂದ ಎರಡು ಕಡೆ ಬಿಗಿಯಿರಿ, ರಾತ್ರಿ ದೂರ ಸರಿಯುವುದಿಲ್ಲ. ಹಳೆಯ ಮಂಚ ಕೊಳ್ಳುವುದಾದರೆ ಪಟ್ಟಿ ಚೌಕಟ್ಟಿಗೆ ಕೂಡುವ ವೆಲ್ಡಿಂಗ್ ನೋಡಿ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟುಬಿಡಿ. ಪೈಪಿನ ತುದಿಗಳಲ್ಲಿ ಪ್ಲಾಸ್ಟಿಕ್ ಬೂಟು ಇಲ್ಲದಿದ್ದರೆ ತಗಣಿ ಒಳಗೆ ಸೇರಿರಬಹುದು. ಕೀಲುಗಳಲ್ಲಿ ಕಪ್ಪು ಚುಕ್ಕಿ ಕಂಡರೆ ಅದೇ ಗುರುತು. ಕಬ್ಬಿಣವಾದರೆ ಕುದಿಯುವ ನೀರನ್ನು ಕೀಲಿಗೂ ಪೈಪಿನ ಒಳಗೂ ಸುರಿದು, ಬಿಸಿಲಿಗೆ ಒಣಗಿಸಿ, ತುದಿ ಮುಚ್ಚಿದರೆ ಹತೋಟಿಗೆ ಬರುತ್ತದೆ. ಕಟ್ಟಿಗೆ ಮಂಚದಲ್ಲಿ ತಗಣಿ ಕಂಡರೆ ಬೇಡವೇ ಬೇಡ.

ಗಾದಿ ಹತ್ತಿಯದೇ ಹಾಕಿಸಿ. ಹುಬ್ಬಳ್ಳಿ ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು. ಗಾದಿ ಹಾಕುವವರು ಅವಳಿ ನಗರದಲ್ಲೂ ಇದ್ದಾರೆ, ಗದಗ, ಹಾವೇರಿ ಪೇಟೆಗಳಲ್ಲೂ ಇದ್ದಾರೆ. 6×3ಕ್ಕೆ 10 ಕಿಲೋ ಹತ್ತಿ ಹಿಡಿಯುತ್ತದೆ. ಹೊಸದರಲ್ಲಿ 4 ಇಂಚು ದಪ್ಪ ಇದ್ದದ್ದು ಕೆಲವು ತಿಂಗಳಲ್ಲಿ 3 ಇಂಚಿಗೆ ಇಳಿಯುತ್ತದೆ. ಅದು ದೋಷವಲ್ಲ, ಹತ್ತಿಯ ಗುಣ. ಎರಡು ಮೂರು ವರ್ಷಕ್ಕೊಮ್ಮೆ ಹಿಂಜಿಸಿದರೆ ಅದೇ ಹತ್ತಿ ಮತ್ತೆ ಉಬ್ಬುತ್ತದೆ. ಈ ಸೌಲಭ್ಯ ಫೋಮಿಗೆ ಇಲ್ಲ.

ಮೋಸ ಆಗುವುದು ತುಂಬುವ ಮಾಲಿನಲ್ಲಿ. ಬಟ್ಟೆ ಚಿಂದಿಯನ್ನು ಹಿಂಜಿದ ಮಾಲು, ಪಾಲಿಯೆಸ್ಟರ್ ಬೆರಕೆ ಎರಡೂ ಓಡಾಡುತ್ತವೆ. ಒಂದು ಚಿಟಿಕೆ ತೆಗೆದು ಬೆಳಕಿಗೆ ಹಿಡಿದು ನೋಡಿ, ಬಣ್ಣದ ಎಳೆ ಇದ್ದರೆ ಚಿಂದಿ. ಇನ್ನೊಂದು ಚಿಟಿಕೆಯನ್ನು ಅಂಗಡಿಯ ಹೊರಗೆ, ಹತ್ತಿಯಿಂದ ದೂರ, ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಹಿಟ್ಟಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಕರಿಮಣಿಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ತೂಕ ಮಾಡುವಾಗ ಎದುರಿಗೇ ನಿಂತಿರಿ. ಗಾದಿಯನ್ನು ಆರಪಾರ ಹಿಡಿದಿಡುವ ಟಾಕಿ ಹೊಲಿಗೆ 6ರಿಂದ 8 ಇಂಚಿಗೊಂದು ಬೀಳಲಿ. ದೂರದೂರ ಹಾಕಿದರೆ ಹತ್ತಿ ಸರಿದು ಗಂಟುಗಂಟಾಗುತ್ತದೆ.

ಮಂಚದ ಪಟ್ಟಿಗೂ ಗಾದಿಗೂ ನಡುವೆ ಚಾಪೆ ಅಥವಾ ಒಗೆದ ಗೋಣಿತಟ್ಟು ಹಾಸಿ. ಪಟ್ಟಿಗಳ ಸಂದಿನಲ್ಲಿ ಗಾದಿ ಇಳಿಯುವುದಿಲ್ಲ, ತುಕ್ಕಿನ ಕಲೆಯೂ ಹತ್ತುವುದಿಲ್ಲ.

ಕೆಲಗೇರಿ_ದಂಡೆ

ಧಾರವಾಡದ ಮಳೆಗಾಲಕ್ಕೆ ಹತ್ತಿ ಗಾದಿ ಸರಿಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನೆಚ್ಚುವಂತಿಲ್ಲ. ತೇವ ಹೀರಿದ ಗಾದಿ ಮುಗ್ಗಲು ವಾಸನೆ ಹೊಡೆಯುತ್ತದೆ. 4 ಇಂಚಿನ ತೆಂಗಿನ ನಾರಿನ ಗಾದಿಯೇ ಇಲ್ಲಿಗೆ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಹತ್ತಿಗಾದಿ

ನಾರಿನ ಗಾದಿಯೂ ಒಳ್ಳೆಯದೇ, ನೆಲದ ಮೇಲೆ ನೇರ ಹಾಸದಿದ್ದರೆ. ಹತ್ತಿಯದಕ್ಕೆ ಮುಗ್ಗಲು ಹಿಡಿಯುವುದು ಕೆಳಗಿನಿಂದ ಗಾಳಿ ಆಡದಿದ್ದಾಗ. ಪಟ್ಟಿ ಮಂಚವಾದರೆ ಗಾಳಿ ಆಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮುಚ್ಚಬೇಡಿ, ಅರ್ಧ ಗಂಟೆ ತೆರೆದಿಡಿ. ಮಳೆ ಬಿಡುವು ಕೊಟ್ಟ ದಿನ ಮಹಡಿಗೆ ಒಯ್ಯಿರಿ. 10 ಕಿಲೋ ಗಾದಿಯನ್ನು ಒಬ್ಬರೇ ಎತ್ತಬಹುದು. ಎರಡು ಬಿಡಿ ಗಾದಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹೊದಿಯಲು ಕೌದಿಯನ್ನು ಮರೆಯಬೇಡಿ. ನಾಲ್ಕೈದು ಹಳೆಯ ನೂಲಿನ ಸೀರೆ ಕೊಟ್ಟರೆ ಹೊಲಿದುಕೊಡುವ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಚಿನಿಂದ ಸುರುವಾಗಿ ಒಳಗೆ ಸುತ್ತುತ್ತಾ ಬರುವ ಆ ಸಣ್ಣ ಹೊಲಿಗೆಯ ಸಾಲುಗಳೇ ಕೋಣೆಗೆ ಅಲಂಕಾರ. ಮೇಲ್ಪದರಕ್ಕೆ ಗಟ್ಟಿ ಬಣ್ಣದ ಸೀರೆ ಕೊಡಿ. ಸಿಂಥೆಟಿಕ್ ಸೀರೆ ಸೇರಿಸಿದರೆ ಒಳಪದರ ಜಾರಿ ಮುದುಡುತ್ತದೆ.

ಬಡಗಿ_ಅಂಗಳ

ತಿಜೋರಿ ವಿಷಯಕ್ಕ ಬರೋಣ. ಕಡಿಮಿ ದರಕ್ಕ ಸಿಗೋ ಹೊಸ ಪಾರ್ಟಿಕಲ್ ಬೋರ್ಡ್ ಕಪಾಟು ಧಾರವಾಡಕ್ಕ ತರಬ್ಯಾಡ್ರಿ. ಅದು ಕಟ್ಟಿಗಿ ಪುಡಿ ಒತ್ತಿ ಮಾಡಿದ್ದು, ಅಂಚಿನ ಪಟ್ಟಿ ಒಮ್ಮೆ ಕಿತ್ತಿತಂದ್ರ ತೇವ ಒಳಗ ಇಳದು ಉಬ್ಬತದ. ಉಬ್ಬಿದ್ದು ತಿರುಗಿ ಇಳಿಯೂದಿಲ್ಲ, ಸ್ಕ್ರೂ ಹಿಡಿತ ಬಿಡ್ತಾವ, ಬಾಗಲಾ ಜೋತು ಬೀಳ್ತದ. ಮನಿ ಬದಲಿಸಲಿಕ್ಕೆ ಒಮ್ಮೆ ಬಿಚ್ಚಿ ಕೂಡಿಸಿದ್ರ ಅದರ ಆಯುಷ್ಯ ಮುಗೀತು.

ಹಳೇ ಉಕ್ಕಿನ ತಿಜೋರಿ ಹುಡುಕ್ರಿ. ಧಾರವಾಡದಾಗ ವಿದ್ಯಾರ್ಥಿಗಳು, ಪರೀಕ್ಷಾ ತಯಾರಿಗೆ ಬಂದವರು ಭಾಳ. ಅವರು ರೂಮು ಖಾಲಿ ಮಾಡೋ ಹೊತ್ತಿಗೆ ಮಂಚ, ಮೇಜು, ಕುರ್ಚಿ, ತಿಜೋರಿ ಎಲ್ಲಾ ಮಾರಾಟಕ್ಕ ಬರ್ತಾವ. ತಗಡು 20 ಗೇಜ್ ಇದ್ರ ಛಲೋ, 22 ಆದ್ರ ತೆಳು. ಗೇಜಿನ ಅಂಕಿ ಏರಿದಂಗ ತಗಡು ತೆಳುವಾಗ್ತದ, ಇದನ್ನ ತಿರುಗಾ ಮುರುಗಾ ತಿಳ್ಕೊಂಡವರು ಭಾಳ ಮಂದಿ. ಬಾಗಲಾ ಬೆರಳಿಲೆ ಬಡದು ನೋಡ್ರಿ, ಡಬ್ಬಿಯಂಗ ಗಲಗಲ ಅಂದ್ರ ತೆಳು. ಆಮ್ಯಾಲೆ ಬಗ್ಗಿ ತಳ ನೋಡ್ರಿ. ನೆಲ ಒರಸೋ ನೀರು ಹತ್ತಿ ಹಿಂದಿನ ಮೂಲಿ ತುಕ್ಕು ತಿಂದಿರ್ತದ. ಸ್ಕ್ರೂಡ್ರೈವರ್ ಒತ್ತಿದ್ರ ತೂತು ಬಿತ್ತು ಅಂದ್ರ ಬ್ಯಾಡ. ಮ್ಯಾಲಿನ ತುಕ್ಕಾದ್ರ 120 ನಂಬರಿನ ಉಜ್ಜು ಕಾಗದ, ಒಂದು ಕೋಟು ರೆಡ್ ಆಕ್ಸೈಡ್ ಪ್ರೈಮರು, ಎರಡು ಕೋಟು ಎನಾಮೆಲ್ ಸಾಕು. ಪ್ರೈಮರ್ ಬಿಟ್ಟು ನೇರ ಬಣ್ಣ ಹಚ್ಚಿದ್ರ ಒಂದು ಮಳಿಗಾಲದಾಗ ಪಾಪಡಿಯಂಗ ಏಳ್ತದ.

ದೊಡ್ಡ ತಿಜೋರಿ 78 ಇಂಚು ಎತ್ತರ, 36 ಅಗಲ, 19 ಆಳ. ಮುಂಗಡ ಕೊಡೋಕಿಂತ ಮೊದಲ ಮೆಟ್ಟಿಲು ತಿರುಗೋ ಜಾಗಾ ಅಳೀರಿ. ತಂದ ಮ್ಯಾಲೆ ಎರಡು ಬಾಗಲಾ ಸರಿಯಾಗಿ ಕೂಡಲಿಲ್ಲ ಅಂದ್ರ ತಿಜೋರಿ ಕೆಟ್ಟಿಲ್ಲ, ನೆಲ ಸಪಾಟಿಲ್ಲ. ಯಾವ ಬಾಗಲಾ ಕೆಳಗ ಇಳದದ ಆ ಕಡಿ ಮುಂದಿನ ಕಾಲಿನ ಕೆಳಗ ಫರಸಿ ಚೂರು ಕೊಡ್ರಿ. ಒಂದು, ಎರಡು ಮಿಲಿಮೀಟರಿನಾಗ ಬಾಗಲಾ ಎದ್ದು ಬರ್ತದ.

ಇನ್ನೊಂದು. ಪಡುವಣ ಗೋಡಿಗೆ ಯಾವುದನ್ನೂ ಹಚ್ಚಿ ಇಡಬ್ಯಾಡ್ರಿ, ಇಟ್ಟರ 3 ಇಂಚು ಸಂದು ಬಿಡ್ರಿ. ಮಳಿ ಹೊಡಿಯೋದು ಆ ಕಡಿಯಿಂದ.

ಇಟ್ಟಂಗಿ_ಹಲಗಿ

ಪುಸ್ತಕಕ್ಕ, ಸಣ್ಣ ಸಾಮಾನಿಗೆ ತೂತು ಕೊರಿಯದ ಹಲಗಿ: 9×4.5×3 ಇಂಚಿನ ಇಟ್ಟಂಗಿ 24, ಮೂರಡಿ ಉದ್ದ 9 ಇಂಚು ಅಗಲದ ಪೈನ್ ಹಲಗಿ ಮೂರು. ಇಟ್ಟಂಗಿನ ಅಡ್ಡ ಮಲಗಿಸಿ ಒಂದರ ಮ್ಯಾಲೊಂದು ನಾಕು ಇಟ್ಟರ 12 ಇಂಚು ಎತ್ತರ. ಎರಡು ಕಂಬ, ಮ್ಯಾಲೆ ಹಲಗಿ, ಮತ್ತ ಅದೇ ಲೆಕ್ಕ. ಕಂಬ ಹಲಗಿಯ ತುದಿಗೆ ಇಡಬ್ಯಾಡ್ರಿ, 6 ಇಂಚು ಒಳಗ ಇಡ್ರಿ. ನಡುವಿನ ಅಂತರ ಎರಡಡಿ ಆಗ್ತೈತಿ. ಒಂದಡಿ ಸಾಲು ಪುಸ್ತಕ ಸುಮಾರು 10 ಕಿಲೋ ತೂಗ್ತಾವ, ಮುಕ್ಕಾಲು ಇಂಚಿನ ಹಲಗಿ ಎರಡಡಿಕಿಂತ ಹೆಚ್ಚು ಅಂತರಕ್ಕ ಬಾಗಾಕ ಸುರು ಮಾಡ್ತೈತಿ.

ಇಟ್ಟಂಗಿನ ತೊಳದು ಒಣಗಿಸಿ ಸುಣ್ಣನೋ ಕೆಮ್ಮಣ್ಣೋ ಹಚ್ರಿ, ಪುಡಿ ಉದುರೂದು ನಿಲ್ತೈತಿ. ಕೆಮ್ಮಣ್ಣಿನ ಬಣ್ಣದ ಮ್ಯಾಲೆ ಬಿಳಿ ರಂಗೋಲಿ ಎಳಿ ಎಳದ್ರ ಭಾಳ ಚಂದ ಕಾಣತೈತಿ. ಮೂರು ಹಲಗಿಗಿಂತ ಮ್ಯಾಲೆ ಏರಸಬ್ಯಾಡ್ರಿ, ಸಣ್ಣ ಮಕ್ಕಳಿರೋ ಮನಿಯಾಗ ಎರಡ ಸಾಕು.

ಪೈನ್ ಹಲಗಿ ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ಯಂತ್ರ ಬಂದ ಪ್ಯಾಕಿಂಗ್ ಕಟ್ಟಿಗಿಯಾಗ ಸಿಗ್ತಾವ. ಹೊರದೇಶದ ಪ್ಯಾಲೆಟ್ ಆದ್ರ ಸುಟ್ಟ ಅಚ್ಚು ನೋಡ್ರಿ. ಎಚ್‌ಟಿ ಅಂತ ಇದ್ರ ಬಿಸಿಯಿಂದ ಹುಳ ಕೊಂದದ್ದು, ಮನಿಗೆ ತರಬಹುದು. ಎಂಬಿ ಅಂತ ಇದ್ರ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗಿ ಕೊಟ್ಟದ್ದು, ಮಲಗೋ ಕೋಣಿಗೆ ತರಬ್ಯಾಡ್ರಿ. ಎಣ್ಣಿ ಕಲಿ ಇದ್ದದ್ದೂ ಬ್ಯಾಡ.

ಬಡಗಿ_ಅಂಗಳ

ಹಳೇ ಕಟ್ಟಿಗಿ ಯಾವುದೇ ಇರಲಿ, ಒಮ್ಮೆ ಮರದ ಕೊಡತಿಯಿಂದ ಬಡೀರಿ. ಜರಡಿ ಹಿಡಿದ ಗೋದಿ ಹಿಟ್ಟಿನಂಥ ನುಣುಪು ಪುಡಿ ಉದುರಿದ್ರ ಒಳಗ ಹುಳ ಜೀವಂತ ಇರಬಹುದು. ತೂತು ಇದ್ದು ಪುಡಿ ಬರಲಿಲ್ಲಂದ್ರ ಹೆಚ್ಚಾಗಿ ಹಳೇ ಹುಳ, ಸತ್ತು ಹೋಗಿರ್ತದ. ಪ್ಲೈವುಡ್ ತಗೊಂಡ್ರ ಅಡಿಗಿಮನಿಗೆ ಎಂಆರ್ ಅಂತ ಬರದದ್ದು ಬ್ಯಾಡ, ಅದು ಒಣಗಿದ ಕೋಣಿಗಷ್ಟೇ. ಬಿಡಬ್ಲ್ಯುಆರ್, ಅಂದ್ರ ಕುದಿಯೋ ನೀರಿಗೂ ತಡಿಯೋದು, ಕೇಳ್ರಿ.

ಫ್ಯೂಸ್_ವೈರ್

ದೀಪ, ಫ್ಯಾನು, ಪ್ಲಗ್ಗು. ಹಣ ಕಡಿಮೆ ಇದ್ದರೂ ಇಲ್ಲಿ ಅಗ್ಗದ ಮಾಲು ಬೇಡ ಎಂದು ಕೈಮುಗಿದು ಕೇಳುತ್ತೇನೆ.

6 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟಿಗೆ ಎಳೆಯಬಹುದಾದ್ದು 1,380 ವ್ಯಾಟ್. 2,000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 1,500 ವ್ಯಾಟಿನ ನೀರು ಕಾಯಿಸುವ ರಾಡು 6.5. ಇವನ್ನು ಸಣ್ಣ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಜೋಡಿಸಿದರೆ ಮೊದಲು ಪ್ಲಗ್ಗಿನ ಒಳಗಿನ ಹಿತ್ತಾಳೆ ಪಟ್ಟಿ ಕಾದು ಸಡಿಲಾಗುತ್ತದೆ. ಸಡಿಲಾದ ಕಡೆ ಕಿಡಿ, ಕಿಡಿಯಿಂದ ಮತ್ತಷ್ಟು ಕಾವು. ಸ್ವಿಚ್ಚಿನ ಸುತ್ತ ಹಳದಿ ಕಲೆ ಇದರ ಮೊದಲ ಗುರುತು. ಅಡುಗೆಮನೆ, ಬಚ್ಚಲಲ್ಲಿ 16 ಆಂಪಿಯರ್ ಪ್ಲಗ್ಗು ಎಲ್ಲಿದೆ ನೋಡಿಯೇ ಸಾಮಾನು ಇಡುವ ಜಾಗ ಗೊತ್ತು ಮಾಡಿ. ಅರ್ಥಿಂಗ್ ಇದೆಯೇ ಎಂದು ವೈರ್‌ಮನ್ ಕರೆದು ಒಮ್ಮೆ ಪರೀಕ್ಷಿಸಿ. ರಾಡನ್ನು ಉಕ್ಕಿನ ಬಕೆಟ್ಟಿನಲ್ಲಿ ಇಡಬೇಡಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

ದೀಪಕ್ಕೆ 10×10ರ ಕೋಣೆಗೆ 20 ವ್ಯಾಟಿನ ಒಂದು ಎಲ್‌ಇಡಿ ಪಟ್ಟಿ ದೀಪ ಸಾಕು. ಚೆಂದ ಕಾಣಬೇಕು ಅಂದಿರಿ. ಅದಕ್ಕೆ ಅತಿ ಕಡಿಮೆ ಖರ್ಚಿನ ದಾರಿ ಬೆಳಕಿನ ಬಣ್ಣ. ಡಬ್ಬಿಯ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿದ್ದರೆ ಬಿಳಿನೀಲಿ, ಆಸ್ಪತ್ರೆಯ ಬೆಳಕು. ಅಡುಗೆಮನೆಗೆ ಅದು ಇರಲಿ, ಅಕ್ಕಿಯಲ್ಲಿನ ಹರಳು ಕಾಣುತ್ತದೆ. ಹಾಲಿಗೂ ಮಲಗುವ ಕೋಣೆಗೂ 9 ವ್ಯಾಟಿನ 3000ದ ಬಲ್ಬು ಹಾಕಿ, ಹೊಂಬಣ್ಣ ಬರುತ್ತದೆ. ಆ ಬಲ್ಬನ್ನು ಚಾವಣಿಗೆ ಹಾಕುವ ಬದಲು ಗೋಡೆಯ ಮೂಲೆಯಲ್ಲಿ ಬಿದಿರಿನ ಬುಟ್ಟಿಯೊಳಗೆ ಹೋಲ್ಡರ್ ಕಟ್ಟಿ ಇಳಿಬಿಡಿ. ಎಲ್‌ಇಡಿ ಹೆಚ್ಚು ಕಾಯುವುದಿಲ್ಲ, ಬುಟ್ಟಿಗೆ ಅಪಾಯವಿಲ್ಲ. ಹಳೆಯ ತಂತಿಯ ಬಲ್ಬು ಮಾತ್ರ ಅಲ್ಲಿ ಹಾಕಬಾರದು.

ಫ್ಯಾನು ಮಾಲಕರದ್ದು ಇದ್ದರೆ ಹೊಸದು ಬೇಡ, ಕೆಪಾಸಿಟರ್ ಬದಲಿಸಿದರೆ ಎಷ್ಟೋ ಹಳೆಯ ಫ್ಯಾನು ಚುರುಕಾಗುತ್ತವೆ. ಕೊಳ್ಳಲೇಬೇಕಾದರೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟರಿನ) ಫ್ಯಾನು ನೋಡಿ: ಸಾದಾ ಫ್ಯಾನು 75 ವ್ಯಾಟ್ ತಿಂದರೆ ಅದು ಸುಮಾರು 30. ದಿನಕ್ಕೆ 10 ತಾಸಿಗೆ ತಿಂಗಳಲ್ಲಿ 13 ಯೂನಿಟ್ ಉಳಿತಾಯ. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಹಿಂದೆ ಇದ್ದವರ ಆಧಾರ್ ಜೋಡಣೆ ಆ ಮೀಟರಿನಿಂದ ತೆಗೆಸಿದ್ದಾರೆಯೇ ಎಂದು ಮನೆಗೆ ಬರುವ ಮೊದಲೇ ಮಾಲಕರನ್ನು ಕೇಳಿ.

ಎರಡನೇ_ಮಹಡಿ

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮಾಲಕರನ್ನು ಕೇಳಿದೆ. ನೀರು ನಾಲ್ಕು ದಿನಕ್ಕೊಮ್ಮೆ, ಟಾಕಿಯಲ್ಲಿ ನಮ್ಮ ಪಾಲು 500 ಲೀಟರ್. ಗೋಡೆಗೆ ತೂತು ಹಾಕಬಹುದು, ಪರದೆಗೆ ಮಾತ್ರ. ಆ ಪಡುವಣ ಕಿಟಕಿಗೆ ಎಷ್ಟು ಬಟ್ಟೆ ಬೇಕು?

ನಳದ_ಸರದಿ

ಹಂಗಾದ್ರ ಲೆಕ್ಕ ಸರಳ. ಇಬ್ಬರು, ನಾಕು ದಿನ, 640 ಲೀಟರ್. 500 ಕಳದ್ರ 140. 100ರವು ಎರಡು ಡ್ರಮ್ಮು ಸಾಕು, 60 ಲೀಟರ್ ಕೈಯಾಗ ಉಳೀತೈತಿ, ಒಂದು ಹೊತ್ತು ನೀರು ತಡ ಆದ್ರೂ ನಡೀತೈತಿ. ಮೂರನೇದು ತರಬ್ಯಾಡ್ರಿ.

ಖಣ_ಕಸೂತಿ

ಪರದೆ ಲೆಕ್ಕ. ರಾಡು ಕಿಟಕಿಗಿಂತ ಎರಡೂ ಕಡೆ 6 ಇಂಚು ಉದ್ದ ಇರಲಿ: 60+12=72 ಇಂಚು. ನೆರಿಗೆ ಚೆಂದ ಬೀಳಲು ಬಟ್ಟೆ ರಾಡಿನ ಎರಡರಷ್ಟು ಬೇಕು, 144 ಇಂಚು. 48 ಇಂಚು ಅಗಲದ ಬಟ್ಟೆಯಾದರೆ ಮೂರು ತುಂಡು. ಎತ್ತರ: ಕಿಟಕಿ 48, ಮೇಲೆ 4, ಕೆಳಗೆ 6, ಮೇಲಿನ ಮಡಿಕೆಗೆ 4, ಕೆಳಗಿನದಕ್ಕೆ 4. ಒಟ್ಟು 66 ಇಂಚು. ಮೂರು ತುಂಡಿಗೆ 198 ಇಂಚು, 5 ಮೀಟರ್ ಮೇಲೆ ಸ್ವಲ್ಪ. ಹೊಸ ನೂಲಿನ ಬಟ್ಟೆ ಕುಗ್ಗುತ್ತದೆ, ಆದ್ದರಿಂದ ಐದೂವರೆ ಮೀಟರ್ ತಂದು, ಒಂದು ರಾತ್ರಿ ನೆನೆಹಾಕಿ ಒಣಗಿಸಿದ ಮೇಲೆಯೇ ಕತ್ತರಿಸಿ.

ಈಗ ನೋಡಿ, ಸೀರೆಯ ಉದ್ದ ಐದೂವರೆ ಮೀಟರ್, ಅಗಲ 45 ಇಂಚು! ಒಂದು ಹಳೆಯ ನೂಲಿನ ಸೀರೆ ನಿಮ್ಮ ಕಿಟಕಿಗೆ ಅಳತೆ ಮಾಡಿಸಿದಂತೆ ಕೂಡುತ್ತದೆ. ಮೂರು ತುಂಡು ಸೇರಿ 135 ಇಂಚು, ನೆರಿಗೆ ಸ್ವಲ್ಪವೇ ಕಡಿಮೆ. ಒಗೆದು ಒಗೆದು ಕುಗ್ಗಿ ಮುಗಿದ ಬಟ್ಟೆ, ಮತ್ತೆ ಕುಗ್ಗುವ ಭಯವೂ ಇಲ್ಲ. ಸೀರೆಯ ಅಂಚು ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದುದ್ದ ಬರುತ್ತದೆ. ಮೂರನೇ ತುಂಡನ್ನು ನಡುವೆ ಸೀಳಿ ಎರಡು ಕಡೆಗೂ ಅರ್ಧರ್ಧ ಜೋಡಿಸುವಾಗ ಅಂಚು ಕಿಟಕಿಯ ಮಧ್ಯಕ್ಕೆ ಬರುವಂತೆ ಇಡಿ, ಪರದೆ ಮುಚ್ಚಿದಾಗ ಎರಡು ಅಂಚು ಎದುರುಬದುರು ನಿಲ್ಲುತ್ತವೆ. ಸೆರಗಿನ ತುಂಡನ್ನು ಮಾತ್ರ ಪರದೆಗೆ ಹಾಕದಿರುವುದೇ ಚಲೋ, ವಿನ್ಯಾಸ ಬೇರೆ ಆಗುತ್ತದೆ. ಮೂರು ತುಂಡು ಕತ್ತರಿಸಿದ ಮೇಲೆ ಉಳಿಯುವ ಸುಮಾರು ಅರ್ಧ ಮೀಟರ್ ಸೆರಗಿನ ಕಡೆಯದ್ದೇ ಆಗಿರಲಿ, ಅದು ದಿಂಬಿಗೆ. ಪಡುವಣ ಬಿಸಿಲು ಬಣ್ಣ ತಿನ್ನುತ್ತದೆ, ಆದ್ದರಿಂದ ಹಿಂದೆ ಬಿಳಿ ಮಾದರಪಾಟ ಬಟ್ಟೆಯ ಅಸ್ತರು ಕೊಡಿಸಿ.

16×16ರ ದಿಂಬಿನ ಚೀಲಕ್ಕೆ ಜಿಪ್ಪು ಬೇಡ. 17 ಇಂಚು ಅಗಲ, 40 ಇಂಚು ಉದ್ದದ ಒಂದೇ ತುಂಡು. ಎರಡು ತುದಿ ಮಡಚಿ ಹೊಲಿದು, ಹಿಂದೆ 6 ಇಂಚು ಒಂದರ ಮೇಲೊಂದು ಬರುವಂತೆ ಮಡಚಿ, ಪಕ್ಕ ಎರಡು ಹೊಲಿಗೆ. ಗುಳೇದಗುಡ್ಡದ ಖಣ ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಅಗಲ ಕಡಿಮೆ ಇರುತ್ತದೆ, ಅಳೆದು ಕೊಳ್ಳಿ. ಸಾದಾ ಖಾದಿ ಬೇಕಾದರೆ ಹುಬ್ಬಳ್ಳಿಯ ಬೆಂಗೇರಿ ಇದೆ. ರಾಷ್ಟ್ರಧ್ವಜ ತಯಾರಾಗುವ ಖಾದಿ ಸಂಘ ಅಲ್ಲಿಯದೇ. ಅಕ್ಟೋಬರ್ 2ರ ಸುತ್ತ ಖಾದಿಗೆ ರಿಯಾಯಿತಿ ಇರುತ್ತದೆ, ದಿಂಬು, ಹಾಸು ಅಲ್ಲಿಯವರೆಗೆ ತಡೆದರೂ ನಡೆಯುತ್ತದೆ.

ಫ್ಯೂಸ್_ವೈರ್

ಆ ರಾಡಿಗೆ ತೂತು ಹಾಕುವಾಗ ಒಂದು ಮಾತು. ಕಿಟಕಿಯ ನೇರ ಮೇಲೆ ಕಾಂಕ್ರೀಟ್ ಲಿಂಟಲ್ (ಅಡ್ಡ ತೊಲೆ) ಇರುತ್ತದೆ, ಎರಡೂ ಪಕ್ಕ ಅರ್ಧ ಅಡಿ ಗೋಡೆಯೊಳಗೆ ಹೋಗಿರುತ್ತದೆ. ಸಾದಾ ಡ್ರಿಲ್ ಅಲ್ಲಿ ಒಂದಿಂಚೂ ಇಳಿಯದೆ ಗಿಲಾವು ಮಾತ್ರ ಒಡೆಯುತ್ತದೆ. ಹ್ಯಾಮರ್ ಡ್ರಿಲ್ ತರಿಸಿ, 6 ಮಿಲಿಮೀಟರಿನ ಡ್ರಿಲ್ ಬಿಟ್ ಹಾಕಿ, ತೂತಿನ ಆಳ 45 ಮಿಲಿಮೀಟರ್. ಗಿಲಾವೇ 12ರಿಂದ 15 ಮಿಲಿಮೀಟರ್ ಇರುತ್ತದೆ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ಗು ಅಷ್ಟರಲ್ಲೇ ನಿಂತರೆ ಪರದೆ ಎಳೆದ ದಿನ ಗಿಲಾವಿನ ಸಮೇತ ಕೈಗೆ ಬರುತ್ತದೆ. ತೂತಿನ ಧೂಳನ್ನು ಊದಿ ತೆಗೆದು ಪ್ಲಗ್ಗು ಹೊಡೆಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಂದೂ ಕೊರೆಯಬೇಡಿ, ವೈರು ಅದೇ ಸಾಲಿನಲ್ಲಿ ಇಳಿದಿರುತ್ತದೆ.

ರೊಟ್ಟಿಬುಟ್ಟಿ

ಅಡಿಗಿಮನಿ 8,000ದಾಗ ಆಗ್ತದ, ಸೆಟ್ ಅಂತ ಮಾರೋದನ್ನ ಬಿಟ್ಟು ಬಿಡಿಯಾಗಿ ತಗೊಂಡ್ರ. ಹುಬ್ಬಳ್ಳಿಯ ದುರ್ಗದಬೈಲ ಸುತ್ತಿನ ಪ್ಯಾಟಿಯಾಗ, ಧಾರವಾಡದ ಮಾರ್ಕೆಟ್‌ನಾಗ ಸ್ಟೀಲ್ ಭಾಂಡಿ ತೂಕದ ಮ್ಯಾಲೂ ಕೊಡ್ತಾರ. ಇಬ್ಬರಿಗೆ 3 ಲೀಟರ್ ಕುಕ್ಕರ್ ಒಂದು, ಬುಡ ದಪ್ಪ ಇರೋ ಪಾತೇಲಿ ಎರಡು, ಕಡಾಯಿ ಒಂದು, ಪರಾತ, ಕಬ್ಬಿಣದ ಹಂಚು, ತಾಟು ವಾಟಿ ನಾಕು ನಾಕು, ಒಗ್ಗರಣಿ ಸೌಟು, ಡಬ್ಬಿ ಹತ್ತು. ಮಿಕ್ಸರ್ ಎರಡನೇ ತಿಂಗಳಿಗೆ.

ಜೋಳದ ರೊಟ್ಟಿಗೆ ನಾನ್‌ಸ್ಟಿಕ್ ಹಂಚು ತರಬ್ಯಾಡ್ರಿ. ರೊಟ್ಟಿ ಬೇಯಲಿಕ್ಕೆ ಬೇಕಾದ ಕಾವು, ಮ್ಯಾಲಿನ ನೀರು ಸವರೋದು, ಎರಡೂ ಆ ಲೇಪಕ್ಕ ಆಗಿಬರೂದಿಲ್ಲ. ಕಬ್ಬಿಣದ್ದು, 3 ಮಿಲಿಮೀಟರಿಗೆ ಕಡಿಮಿ ಇರಬಾರದು. ತೆಳು ಹಂಚಿನಾಗ ನಡುವ ಕರಕಾಗಿ ಅಂಚು ಹಸಿ ಉಳೀತದ. ಹೊಸಾ ಹಂಚು ಬೂದಿ ಹಾಕಿ ತಿಕ್ಕಿ ತೊಳದು, ಒಲಿ ಮ್ಯಾಲೆ ಒಣಗಿಸಿ, ಎಣ್ಣಿ ಅರಿವಿಲೆ ತೆಳ್ಳಗ ಸವರಿ ಹೊಗಿ ಬರೂತನಕ ಕಾಯಿಸ್ರಿ. ಆರಿಸಿ ಮತ್ತ ಸವರ್ರಿ, ಹಿಂಗ ನಾಕು ಸಲ. ಎಣ್ಣಿ ಭಾಳ ಹಾಕಿದ್ರ ಅಂಟಂಟು ಆಗ್ತದ, ಹೊಳಪು ಬರೂದಿಲ್ಲ.

ಗ್ಯಾಸ್ ಒಲಿ ಕಡಪ ಕಟ್ಟಿ ಮ್ಯಾಲೆ, ಸಿಲಿಂಡರ್ ಕೆಳಗ ನೆಟ್ಟಗ. ಬರ್ನರ್ ಯಾವಾಗಲೂ ಸಿಲಿಂಡರಿನ ತಲಿಗಿಂತ ಮ್ಯಾಲಿರಬೇಕು. ಕಟ್ಟಿ ಕೆಳಗ ಪೂರಾ ಬಾಗಲಾ ಕೂಡ್ರಿಸಿ ಮುಚ್ಚಬ್ಯಾಡ್ರಿ. ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕ ನಿಲ್ತದ. ಪೈಪು ಐಎಸ್‌ಐ ಗುರುತಿಂದು, ಐದು ವರ್ಷಕ್ಕ ಬದಲಿಸೋದು. ಕಟ್ಟಿ ಕೆಳಗ ಪರದಿ ಬಿಡೋ ಆಶಾ ಇದ್ರ ಸಿಲಿಂಡರ್ ಇರೋ ಕಡಿ ಬಿಟ್ಟು ಉಳಿದ ಕಡಿ ಬಿಡ್ರಿ.

ಕೆಲಗೇರಿ_ದಂಡೆ

ಹಾಲಿಗೆ ಒಂದು ಗೋಡೆ ಬಣ್ಣ ಮಾಡುವ ಯೋಚನೆ ಇದ್ದರೆ: 10×10 ಅಡಿಯ ಗೋಡೆಗೆ ಎರಡು ಕೋಟು ಎಂದರೆ 2 ಲೀಟರ್ ಎಮಲ್ಶನ್. ಮೊದಲು ಗೋಡೆಗೆ ಅಂಟುಪಟ್ಟಿ ಒತ್ತಿ ರಪ್ಪನೆ ಎಳೆದು ನೋಡಿ. ಸುಣ್ಣದ ಪುಡಿ ಅಥವಾ ಹಳೆಯ ಬಣ್ಣದ ಚಕ್ಕೆ ಎದ್ದು ಬಂದರೆ ಕೆರೆದು, ಪ್ರೈಮರ್ ಕೊಟ್ಟು ಮುಂದುವರಿಯಬೇಕು. ಇಲ್ಲವಾದರೆ ಹೊಸ ಬಣ್ಣ ಹಳೆಯದನ್ನೂ ಕಿತ್ತುಕೊಂಡು ಬರುತ್ತದೆ. ತೇವದ ಗೋಡೆಗೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಬಣ್ಣ ಮಾಡಿಸಬೇಡಿ, ದೀಪಾವಳಿ ಹೊತ್ತಿಗೆ ಮಾಡಿ.

ಬೆಟಗೇರಿ_ಮಗ್ಗ

ಗೋಡೆ ಬಣ್ಣದ ಹಣವನ್ನು ನೆಲಕ್ಕೆ ಹಾಕಿ ಅನ್ನುತ್ತೇನೆ ನಾನು. ಬಾಡಿಗೆ ಮನೆಯ ಗೋಡೆ ಅಲ್ಲೇ ಉಳಿಯುತ್ತದೆ, ಜಮಖಾನ ನಿಮ್ಮ ಜೊತೆ ಬರುತ್ತದೆ. ನವಲಗುಂದದ ಜಮಖಾನ ಧಾರವಾಡ ಜಿಲ್ಲೆಯದೇ, ಭೌಗೋಳಿಕ ಗುರುತು ಪಡೆದದ್ದು, ಇವತ್ತಿಗೂ ಹೆಣ್ಣುಮಕ್ಕಳು ಕೈಯಿಂದ ನೇಯುತ್ತಾರೆ. ನವಿಲು, ಪಗಡೆ ಹಾಸಿನ ವಿನ್ಯಾಸ ಅದರ ಗುರುತು. ದೊಡ್ಡದು ನಿಮ್ಮ ಬಜೆಟ್ಟಿಗೆ ಸಿಗದಿರಬಹುದು. ಸಣ್ಣ ಅಳತೆಯದೊಂದು ಹಾಲಿಗೆ ಸಾಕು, ಸೋಫಾ ಇಲ್ಲದ ಮನೆಯಲ್ಲಿ ಅದೇ ಬೈಠಕ್. ಕೈಯಿಂದ ನೇಯ್ದದ್ದಾದರೆ ಎರಡೂ ಮುಖದಲ್ಲಿ ವಿನ್ಯಾಸ ಒಂದೇ ಸ್ಪಷ್ಟವಾಗಿರುತ್ತದೆ, ಅಂಚು ಪೂರ್ತಿ ಸರಳರೇಖೆ ಆಗಿರುವುದಿಲ್ಲ. ಒಂದೇ ಕಡೆ ಅಚ್ಚು ಹೊಡೆದದ್ದು ಆ ಹೆಸರಿಗೆ ತಕ್ಕದ್ದಲ್ಲ.

ಎರಡನೇ_ಮಹಡಿ

ಗೋಡೆ ಬಣ್ಣ ಬಿಟ್ಟೆ, ಜಮಖಾನವೇ ಇರಲಿ. ಒಂದು ಕೊನೆಯ ಪ್ರಶ್ನೆ. ನಮ್ಮಲ್ಲಿ ಕೆಂಪು, ಎರೆ ಎರಡೂ ಧೂಳು ಬರುತ್ತದೆ. ಜಮಖಾನ ಒಗೆಯುವುದು ಹೇಗೆ?

ಬೆಟಗೇರಿ_ಮಗ್ಗ

ಪದೇಪದೇ ಒಗೆಯಬೇಡಿ. ಗದಗ ಕಡೆಯ ಗಾಳಿ, ಧೂಳಿಗೂ ಇದೇ ರೀತಿ ನಡೆಯುತ್ತದೆ: ವಾರಕ್ಕೊಮ್ಮೆ ಮಹಡಿಯ ಕಟ್ಟೆಗೆ ತಲೆಕೆಳಗಾಗಿ ಹಾಕಿ, ಹಿಂದಿನಿಂದ ಬೆತ್ತದಿಂದ ಬಡಿಯಿರಿ. ಎರೆಮಣ್ಣಿನ ಕೆಸರು ಹತ್ತಿದರೆ ಹಸಿ ಇರುವಾಗ ಉಜ್ಜಬಾರದು, ಎಳೆಯೊಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು ಬೆರಳಿನಿಂದ ಪುಡಿ ಮಾಡಿ ಬಡಿದರೆ ಮುಕ್ಕಾಲು ಹೋಗುತ್ತದೆ. ಒಗೆಯಲೇಬೇಕಾದರೆ ಮೊದಲು ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ತಣ್ಣೀರು, ಅಂಟುವಾಳ ಕಾಯಿಯ ರಸ, ಹಗುರ ಕೈ. ಹಿಂಡಬೇಡಿ, ಬಿದಿರಿನ ಗಳಕ್ಕೆ ಅಗಲವಾಗಿ ಹಾಕಿ ನೆರಳಲ್ಲಿ ಒಣಗಿಸಿ. ತಂತಿಯ ಮೇಲೆ ಹಾಕಿದರೆ ನಡುವೆ ತುಕ್ಕಿನ ಗೆರೆ ಬೀಳುತ್ತದೆ.